ಸಹೋದ್ಯೋಗಿಗೆ ಜಾಮೀನು ಹಾಕುವ ಮುನ್ನ

“ಬರೀ ಒಂದು ಸಹಿ ರೀ, ಫಾರ್ಮಾಲಿಟಿ ಅಷ್ಟೇ.” ನೌಕರರ ಪತ್ತಿನ ಸಹಕಾರ ಸಂಘವಿರುವ ಕಚೇರಿ, ಶಾಲೆ, ಬಸ್ ಡಿಪೋಗಳಲ್ಲಿ ಈ ಮಾತು ಕಿವಿಗೆ ಬೀಳದ ತಿಂಗಳಿಲ್ಲ. ಸಂಘದ ಸಾಲಕ್ಕೆ ಸಾಮಾನ್ಯವಾಗಿ ಒಬ್ಬಿಬ್ಬರು ಸದಸ್ಯರ ಜಾಮೀನು ಬೇಕು. ದಿನಾ ಜೊತೆಗೆ ಉಣ್ಣುವವರು ಬಂದು ಕೇಳಿದಾಗ, ಅರ್ಜಿ ಓದಿ ನೋಡುವುದೇ ಅವರನ್ನು ಅನುಮಾನಿಸಿದಂತೆ ಅನ್ನಿಸುತ್ತದೆ. ಓದದೆ ಸಹಿ ಹಾಕಿಬಿಡುತ್ತೇವೆ.

ಕಾನೂನಿನಲ್ಲಿ ಅದು ಫಾರ್ಮಾಲಿಟಿಯಲ್ಲ. ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರರ ಹೊಣೆಯೂ ಸಾಲಗಾರರ ಹೊಣೆಯಷ್ಟೇ ಎನ್ನುತ್ತದೆ 1872ರ ಭಾರತೀಯ ಕರಾರು ಅಧಿನಿಯಮದ 128ನೇ ಕಲಂ. ‘ಮೊದಲು ಅವರನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎಂಬ ವಾದವನ್ನು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೀಗಾಗಿ ಗೆಳೆಯರ ಕಂತು ನಿಂತರೆ ಕಡಿತ ನಿಮ್ಮ ಪೇ ಸ್ಲಿಪ್ಪಿನಲ್ಲಿ ಕಾಣಿಸಬಹುದು. ಕಟ್ಟಿದ ಹಣವನ್ನು ಸಾಲಗಾರರಿಂದ ವಸೂಲಿ ಮಾಡುವ ಹಕ್ಕನ್ನು 145ನೇ ಕಲಂ ಕೊಟ್ಟಿದೆ, ನಿಜ. ಆದರೆ ಎದುರು ಮೇಜಿನವರ ಮೇಲೆ ಕೋರ್ಟಿಗೆ ಹೋಗಿ, ಮರುದಿನ ಅವರಿಂದಲೇ ಫೈಲು ತೆಗೆದುಕೊಳ್ಳುವುದು ಹೇಗೆ?

ಬೇಡವೆನ್ನುವುದಾದರೆ ಯಾರೂ ಕೇಳುವ ಮುನ್ನವೇ ತೀರ್ಮಾನಿಸಿರಬೇಕು, ಎಲ್ಲರಿಗೂ ಅದೇ ಉತ್ತರ ಕೊಡಬೇಕು. “ಮನೇಲಿ ಮಾತಾಡಿಕೊಂಡಿದೀವಿ, ಯಾರಿಗೂ ಜಾಮೀನು ಹಾಕಲ್ಲ” ಎಂದರೆ ಕೇಳಿದವರಿಗೆ ಬೇಸರವಾದೀತು, ಅವಮಾನವಾಗದು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಒಲ್ಲೆ ಎಂದಾಗಲೇ ಮನಸ್ಸು ಮುರಿಯುವುದು. ಸುಳ್ಳು ನೆಪವಂತೂ ಬೇಡ. ಯಾರು ಯಾರಿಗೆ ಜಾಮೀನು ನಿಂತಿದ್ದಾರೆ ಎಂಬುದು ಯಾವ ಕಚೇರಿಯಲ್ಲೂ ಗುಟ್ಟಾಗಿ ಉಳಿಯುವುದಿಲ್ಲ.

ಕಷ್ಟ ಇರುವುದು ಹೋದ ವರ್ಷ ನಿಮಗೆ ಜಾಮೀನು ನಿಂತವರೇ ಈಗ ಕೇಳಿದಾಗ. ಆಗ ನಿಯಮದ ಮಾತು ಸಲ್ಲದು. ಅವರ ಸಹಿಯಿಂದ ಮನೆ ಕಟ್ಟಿಸಿಕೊಂಡವರು ನಿಯಮ ಹೇಳಿದರೆ ಯಾರು ತಾನೇ ಮೆಚ್ಚುತ್ತಾರೆ? ಸಹಿ ಹಾಕಿ, ಆದರೆ ಸಂಕೋಚಪಡದೆ ಕೇಳಿ: ಮೊತ್ತ ಎಷ್ಟು, ಕಂತು ಎಷ್ಟು, ಬೇರೆ ಸಾಲ ಏನೇನಿದೆ, ನಿವೃತ್ತಿಯ ಮೊದಲು ತೀರುತ್ತದೆಯೇ? ಮೊತ್ತದ ಜಾಗ ಖಾಲಿ ಬಿಟ್ಟ ಅರ್ಜಿಗೆ ಸಹಿ ಬೇಡ. ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ನೇರವಾಗಿ ಸಾಲ ತೀರಿಸುವ ಮನಸ್ಸಿರುವವರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದು ಕಡಿಮೆ.

ಕೇಳುವವರು ಮೇಲಧಿಕಾರಿಯಾದರೆ ವಿಷಯವೇ ಬೇರೆ, ಏಕೆಂದರೆ ಅಲ್ಲಿ ‘ಇಲ್ಲ’ ಎನ್ನುವ ಸ್ವಾತಂತ್ರ್ಯವೇ ಅರ್ಧ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇದನ್ನು ಮನಗಂಡಿವೆ: ತನ್ನ ಅಧಿಕಾರ ವ್ಯಾಪ್ತಿಯವರಿಂದ ಅಥವಾ ಕಚೇರಿ ವ್ಯವಹಾರ ಇರುವವರಿಂದ ಸಾಲ ಪಡೆಯುವುದನ್ನು, ಅವರ ಹಣದ ಋಣಕ್ಕೆ ಬೀಳುವುದನ್ನು 16ನೇ ನಿಯಮ ತಡೆಯುತ್ತದೆ. ಬಂಧುಗಳಿಂದ, ಆಪ್ತ ಗೆಳೆಯರಿಂದ ಬಡ್ಡಿಯಿಲ್ಲದ ಸಣ್ಣ ತಾತ್ಕಾಲಿಕ ಕೈಗಡಕ್ಕೆ ಅದರಲ್ಲಿ ವಿನಾಯಿತಿಯಿದೆ. “ಸರ್, ರೂಲ್ಸಿನಲ್ಲಿ ತೊಂದರೆಯಾಗುತ್ತೆ, ನಿಮಗೇ” ಎಂದು ಕೈಕೆಳಗಿನವರು ಮೆತ್ತಗೆ ಹೇಳಲು ಇಷ್ಟು ಆಧಾರ ಸಾಕು.