ಗಡಿ ದಾಟಿ ಮರಳಿದ ಸಿಗರೇಟು: ಕೆನಡಾದ ತಂಬಾಕು ಬೆಳೆಗಾರರ ಅನುಭವ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತಂಬಾಕು ಬೆಳೆಗಾರರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಸರ್ಕಾರ ಸಿಗರೇಟಿನ ಮೇಲೆ ತೆರಿಗೆ ಏರಿಸಿದರೆ ಕಳ್ಳಮಾಲು ನುಗ್ಗುತ್ತದೆ, ಕೊನೆಗೆ ಪೆಟ್ಟು ಬೀಳುವುದು ಸೊಪ್ಪು ಬೆಳೆದವನಿಗೆ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಈ ಅನುಭವವನ್ನು ನಮಗಿಂತ ಮೊದಲೇ ಉಂಡ ಕೆನಡಾ ದೇಶದ ಬೆಳೆಗಾರರ ಕಡೆಗೆ ನೋಡಬೇಕು.

ನಮ್ಮಂಥದೇ ಸೊಪ್ಪು

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, ಈರಿ ಸರೋವರದ ಉತ್ತರಕ್ಕೆ ನಾರ್ಫೋಕ್ ಎಂಬ ಸೀಮೆಯಿದೆ. ಮಣ್ಣು ಹಗುರ, ಮರಳು ಹೆಚ್ಚು. ಬೇರೆ ಬೆಳೆಗಳು ಅಷ್ಟಾಗಿ ಕೈಹಿಡಿಯದ ಈ ನೆಲದಲ್ಲಿ 1920ರ ದಶಕದಿಂದ ವರ್ಜೀನಿಯಾ ತಂಬಾಕು ಬೇರೂರಿತು. ನಮ್ಮಲ್ಲಿಯಂತೆಯೇ ಅಲ್ಲಿಯೂ ಎಲೆಯನ್ನು ಬ್ಯಾರನ್ನಿನಲ್ಲಿ ಬಿಸಿಗಾಳಿಯಿಂದ ಹದಮಾಡಿ ಹಳದಿ ಬಣ್ಣ ತರುತ್ತಾರೆ.

ಇಲ್ಲಿ ಒಂದು ವಿಷಯವನ್ನು ನೆನಪಿನಲ್ಲಿಡಬೇಕು. ಅಮೆರಿಕದ ಸಿಗರೇಟು ಮಿಶ್ರಣದ್ದು. ಅದರಲ್ಲಿ ವರ್ಜೀನಿಯಾ ಸೊಪ್ಪಿನೊಡನೆ, ನೆರಳಿನಲ್ಲಿ ಗಾಳಿಗೆ ಒಣಗಿಸಿದ ಬರ್ಲಿ ತಂಬಾಕನ್ನೂ ಓರಿಯೆಂಟಲ್ ತಂಬಾಕನ್ನೂ ಬೆರೆಸುತ್ತಾರೆ. ಕೆನಡಾದ ಸಿಗರೇಟಿನಲ್ಲಾದರೋ ಇರುವುದು ಬಹುತೇಕ ವರ್ಜೀನಿಯಾ ಸೊಪ್ಪು ಮಾತ್ರ. ಇದರ ರುಚಿಗೆ ಒಗ್ಗಿದವನಿಗೆ ಅದು ಸೇರದು, ಅದಕ್ಕೆ ಒಗ್ಗಿದವನಿಗೆ ಇದು ಸೇರದು. ಮುಂದೆ ನಡೆದ ವಂಚನೆಯ ಗುಟ್ಟನ್ನು ಬಯಲು ಮಾಡಿದ್ದು ಈ ರುಚಿಭೇದವೇ.

ಸುಂಕ ಏರಿದಾಗ

ತಂಬಾಕಿನಿಂದ ಕ್ಯಾನ್ಸರ್ ಮತ್ತು ಹೃದ್ರೋಗ ಬರುವುದು ಖಚಿತವಾದ ಮೇಲೆ ಕೆನಡಾ ಸರ್ಕಾರ ಸಿಗರೇಟಿನ ಸುಂಕವನ್ನು ಏರಿಸುತ್ತ ಬಂದಿತು. 1991ರ ಮುಂಗಡಪತ್ರದಲ್ಲಿ ಒಂದು ಸಿಗರೇಟಿಗೆ 3 ಸೆಂಟ್, ಎಂದರೆ 200 ಸಿಗರೇಟಿನ ಒಂದು ಕಾರ್ಟನ್‌ಗೆ 6 ಡಾಲರ್ ಹೆಚ್ಚಿತು. ಪ್ರಾಂತ ಸರ್ಕಾರಗಳೂ ತಮ್ಮ ತೆರಿಗೆಯನ್ನು ಸೇರಿಸಿದವು. 1993ರ ಹೊತ್ತಿಗೆ ಒಂಟಾರಿಯೊದ ಅಂಗಡಿಯಲ್ಲಿ ಒಂದು ಕಾರ್ಟನ್‌ನ ಬೆಲೆ ಸುಮಾರು 45 ಡಾಲರ್ ಆಯಿತು. ಗಡಿಯಾಚೆ ಅಮೆರಿಕದಲ್ಲಿ ಇದರ ಅರ್ಧಕ್ಕೂ ಸಿಗರೇಟು ದೊರೆಯುತ್ತಿತ್ತು.

ಒಂದು ಸಣ್ಣ ಲೆಕ್ಕ ನೋಡೋಣ. ಕಾರ್ಟನ್ ಒಂದಕ್ಕೆ 20 ಡಾಲರ್ ಅಂತರವೆಂದು ಹಿಡಿದರೆ, 50 ಕಾರ್ಟನ್‌ಗಳ ಒಂದು ಪೆಟ್ಟಿಗೆಯನ್ನು ನದಿ ದಾಟಿಸಿದರೆ 1,000 ಡಾಲರ್. ಹತ್ತು ಪೆಟ್ಟಿಗೆಯ ದೋಣಿಯೊಂದಕ್ಕೆ 10,000 ಡಾಲರ್. ಇಷ್ಟು ಲಾಭವಿದ್ದಲ್ಲಿ ದೋಣಿ ನಡೆಸುವವರಿಗೆ ಬರವಿರಲಿಲ್ಲ.

ಮಾಲು ಹೋದ ದಾರಿ, ಬಂದ ದಾರಿ

ಹೊರದೇಶಕ್ಕೆ ಹೋಗುವ ಸಿಗರೇಟಿಗೆ ಒಳನಾಡಿನ ಸುಂಕವಿಲ್ಲ. ಈ ನಿಯಮದಂತೆ ಕೆನಡಾದಲ್ಲಿ ತಯಾರಾದ ಸಿಗರೇಟು ಸುಂಕವಿಲ್ಲದೆ ಅಮೆರಿಕದ ದಾಸ್ತಾನುಮಳಿಗೆಗಳಿಗೆ ಹೋಗುತ್ತಿತ್ತು. ಅಲ್ಲಿಂದ ದಲ್ಲಾಳಿಗಳ ಕೈಸೇರಿ ಸೇಂಟ್ ಲಾರೆನ್ಸ್ ನದಿಯ ದಡಕ್ಕೆ ಬರುತ್ತಿತ್ತು. ಅಲ್ಲಿರುವ ಅಕ್ವೆಸಾಸ್ನೆ ಎಂಬ ಮೊಹಾಕ್ ಮೂಲನಿವಾಸಿಗಳ ಸೀಮೆ ಒಂಟಾರಿಯೊ, ಕ್ವಿಬೆಕ್ ಮತ್ತು ನ್ಯೂಯಾರ್ಕ್ ಮೂರಕ್ಕೂ ಚಾಚಿಕೊಂಡಿದೆ. ಅವರ ಒಂದೇ ನೆಲವನ್ನು ಎರಡು ದೇಶಗಳ ಗಡಿ ಸೀಳಿದ್ದರಿಂದ ಕಾವಲು ಕಷ್ಟ. ಬೇಸಿಗೆಯಲ್ಲಿ ದೋಣಿಯಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಹಿಮವಾಹನದಲ್ಲಿ ಪೆಟ್ಟಿಗೆಗಳು ಕೆನಡಾಕ್ಕೆ ಮರಳಿ ಬಂದವು. ಅಲ್ಲಿಯ ಬಹುಜನರಿಗೆ ಈ ದಂಧೆಯಿಂದ ಬಂದದ್ದು ಲಾಭವಲ್ಲ, ಬಂದೂಕಿನ ಭಯ.

ಅಮೆರಿಕದವರು ಕೆನಡಾದ ಸಿಗರೇಟನ್ನು ಹೆಚ್ಚಾಗಿ ಸೇದುವುದಿಲ್ಲ. ಆದರೂ ಅಲ್ಲಿಗೆ ರಫ್ತು ಹಲವು ಪಟ್ಟು ಏರಿತು. ಹಾಗಾದರೆ ಸೇದಿದವರು ಯಾರು? ಉತ್ತರ ಎಲ್ಲರಿಗೂ ಗೊತ್ತಿತ್ತು. 1992ರ ಫೆಬ್ರವರಿಯಲ್ಲಿ ಸರ್ಕಾರ ರಫ್ತಾಗುವ ಕಾರ್ಟನ್‌ಗೆ 8 ಡಾಲರ್ ಸುಂಕ ಹಾಕಿದಾಗ ರಫ್ತು ತಟ್ಟನೆ ಇಳಿಯಿತು. ಆದರೆ ಕಂಪನಿಗಳ ಒತ್ತಾಯಕ್ಕೆ ಮಣಿದು ಸುಮಾರು ಎರಡು ತಿಂಗಳಲ್ಲೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ತೂಬು ಮುಚ್ಚಿದಾಗ ನೀರು ನಿಂತಿತ್ತು. ತೂಬು ತೆರೆದಾಗ ಮತ್ತೆ ಹರಿಯಿತು.

1994ರ ಫೆಬ್ರವರಿಯಲ್ಲಿ ಪ್ರಧಾನಿ ಜಾನ್ ಕ್ರೆಟಿಯೆನ್ ಅವರ ಸರ್ಕಾರ ಸುಂಕವನ್ನೇ ತಗ್ಗಿಸಿತು. ಕ್ವಿಬೆಕ್‌ನಲ್ಲಿ ಎರಡು ಸರ್ಕಾರಗಳ ಪಾಲೂ ಸೇರಿ ಕಾರ್ಟನ್‌ಗೆ 21 ಡಾಲರ್ ಇಳಿಯಿತು. ರಫ್ತು ಸುಂಕವೂ ಮರಳಿ ಬಂದಿತು. ಪೂರ್ವಭಾಗದಲ್ಲಿ ಕಳ್ಳಸಾಗಣೆ ಕುಗ್ಗಿದ್ದು ನಿಜ. ಆದರೆ ಸುಂಕ ಇಳಿಸಿದ ಪ್ರಾಂತಗಳಲ್ಲಿ ಸೇದುವವರ ಸಂಖ್ಯೆ ಇತರೆಡೆ ತಗ್ಗಿದಷ್ಟು ತಗ್ಗಲಿಲ್ಲ. ಪಶ್ಚಿಮದ ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಮುಂತಾದ ಪ್ರಾಂತಗಳು ಸುಂಕ ಇಳಿಸಲೇ ಇಲ್ಲ. ಅವುಗಳಿಗೂ ಅಮೆರಿಕದೊಡನೆ ಉದ್ದವಾದ ಗಡಿಯಿದೆ. ಆದರೂ ಪೂರ್ವದಷ್ಟು ಕಳ್ಳಮಾಲು ಅಲ್ಲಿ ಹಬ್ಬಲಿಲ್ಲ. ಆದ್ದರಿಂದ ಸುಂಕವೊಂದೇ ಕಾರಣವಲ್ಲ. ಮಾಲು ಒದಗಿಸುವವರು, ಸಾಗಿಸುವ ಜಾಲ ಮತ್ತು ಸಡಿಲ ನಿಯಮ, ಇವು ಮೂರೂ ಕೂಡಿದಾಗಲೇ ಕಳ್ಳಸಾಗಣೆ ಬಲಿಯುತ್ತದೆ.

ಯಾರಿಗೆ ಲಾಭ, ಯಾರಿಗೆ ನಷ್ಟ

ಹದಿನಾಲ್ಕು ವರ್ಷಗಳ ಬಳಿಕ ಸತ್ಯ ನ್ಯಾಯಾಲಯದ ದಾಖಲೆಗೆ ಸೇರಿತು. 2008ರ ಜುಲೈ 31ರಂದು ಇಂಪೀರಿಯಲ್ ಟೊಬ್ಯಾಕೊ ಕೆನಡಾ ಮತ್ತು ರಾತ್‌ಮನ್ಸ್, ಬೆನ್ಸನ್ ಅಂಡ್ ಹೆಜಸ್ ಕಂಪನಿಗಳು, ಸುಂಕದ ಮುದ್ರೆಯಿಲ್ಲದ ಮಾಲನ್ನು ಇತರರು ಮಾರಲು ನೆರವಾದ ತಪ್ಪನ್ನು ಒಪ್ಪಿಕೊಂಡವು. ದಂಡ ಮತ್ತು ಪರಿಹಾರ ಸೇರಿ ಅವು ಒಪ್ಪಿದ ಮೊತ್ತ 115 ಕೋಟಿ ಡಾಲರ್‌ವರೆಗೆ. 2010ರಲ್ಲಿ ಇನ್ನೆರಡು ಕಂಪನಿಗಳು 55 ಕೋಟಿ ಡಾಲರ್ ಕೊಡಲು ಒಪ್ಪಿದವು. ಈ ಹಣ ಸೇರಿದ್ದು ಸರ್ಕಾರದ ಬೊಕ್ಕಸಗಳಿಗೆ.

ಬೆಳೆಗಾರನ ಗತಿ ಏನಾಯಿತು? ಒಂಟಾರಿಯೊದಲ್ಲಿ ಸೊಪ್ಪಿಗೆ ಎರಡು ದರವಿತ್ತು. ಒಳನಾಡಿನ ಸಿಗರೇಟಿಗೆ ಹೋಗುವ ಸೊಪ್ಪಿಗೆ ಮೇಲಿನ ದರ. ರಫ್ತಿಗೆಂದ ಸೊಪ್ಪಿಗೆ ಕೆಳಗಿನ ದರ. ರಫ್ತಿಗೆಂದು ಅಗ್ಗದಲ್ಲಿ ಕೊಂಡ ಸೊಪ್ಪು ಸಿಗರೇಟಾಗಿ ನದಿ ದಾಟಿ ಹೋಗಿ, ಅದೇ ನದಿ ದಾಟಿ ಮರಳಿ, ಕೆನಡಾದಲ್ಲೇ ಮಾರಾಟವಾಯಿತೆಂದೂ, ತಮಗೆ ದರದ ವ್ಯತ್ಯಾಸ ಬರಬೇಕೆಂದೂ ಬೆಳೆಗಾರರ ಮಾರಾಟ ಮಂಡಳಿ 2009ರಲ್ಲಿ ದಾವೆ ಹೂಡಿತು. ಕಂಪನಿಗಳು ಅದನ್ನು ವಿರೋಧಿಸಿದವು. ತೀರ್ಪು ಬರುವ ಮೊದಲೇ, 2019ರಲ್ಲಿ, ರೋಗಪೀಡಿತರು ಹೂಡಿದ್ದ ಮೊಕದ್ದಮೆಗಳಲ್ಲಿ ಸೋತ ಕಂಪನಿಗಳು ಹಣಕಾಸಿನ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕವು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಒಪ್ಪಿದ 3,250 ಕೋಟಿ ಡಾಲರ್ ಪರಿಹಾರ ಯೋಜನೆಯಲ್ಲಿ ಹೆಚ್ಚಿನ ಪಾಲು ಪ್ರಾಂತ ಸರ್ಕಾರಗಳಿಗೂ ರೋಗಪೀಡಿತರಿಗೂ ಸಂದಿತು. ಬೆಳೆಗಾರರ ಪಾಲು ತೀರ ಅಲ್ಪ.

ಈ ನಡುವೆ 2008ರ ಆಗಸ್ಟ್‌ನಲ್ಲಿ ಕೆನಡಾ ಸರ್ಕಾರ, ತಂಬಾಕು ಬಿಡುವ ಬೆಳೆಗಾರರ ಪಾಲುಹಕ್ಕನ್ನು ಕೊಳ್ಳಲು ಮತ್ತು ಆ ಸೀಮೆಯ ಅಭಿವೃದ್ಧಿಗೆ ಸುಮಾರು 30 ಕೋಟಿ ಡಾಲರ್ ಘೋಷಿಸಿತು. ಬಹಳ ಮಂದಿ ಸಾಗುವಳಿ ಬಿಟ್ಟು ಬೇರೆ ಬೆಳೆಗೆ ತಿರುಗಿದರು. ಉಳಿದವರ ಮೇಲೆ ಬಿಗಿ ಹೆಚ್ಚಿತು: 2015ರಿಂದ ಒಂಟಾರಿಯೊದಲ್ಲಿ ಹಸಿ ಸೊಪ್ಪಿನ ಮೇಲ್ವಿಚಾರಣೆಯನ್ನು ಪ್ರಾಂತದ ಹಣಕಾಸು ಇಲಾಖೆಯೇ ವಹಿಸಿಕೊಂಡಿತು.

ನಾವು ತಿಳಿಯಬೇಕಾದದ್ದು

ಒಂದು ಸಿಗರೇಟಿನಲ್ಲಿರುವ ಸೊಪ್ಪು ಒಂದು ಗ್ರಾಂಗಿಂತ ಕಡಿಮೆ. ಗಡಿಯಲ್ಲಿ ಕೈಬದಲಾಗುವ ಹಣ ಸುಂಕದ ಹಣವೇ ಹೊರತು ಸೊಪ್ಪಿನ ಹಣವಲ್ಲ. ಕಳ್ಳಮಾಲಿನ ಲಾಭದಲ್ಲಿ ಬೆಳೆಗಾರನಿಗೆ ಪಾಲಿಲ್ಲ. ಅದರ ಹೊಣೆ ಮಾತ್ರ ತಪ್ಪದು. ಆದುದರಿಂದ ವರ್ಜೀನಿಯಾ ತಂಬಾಕು ಬೆಳೆಯುವ ರೈತರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ತಂಬಾಕು ಮಂಡಳಿಯಲ್ಲಿ ನೋಂದಣಿ ಮತ್ತು ಬ್ಯಾರನ್ ಪರವಾನಗಿ ಇಲ್ಲದೆ ಸಾಗುವಳಿ ಮಾಡಬಾರದು. ಕರ್ನಾಟಕದಲ್ಲಿ 1984ರಿಂದ ಹರಾಜು ಪದ್ಧತಿ ಇದೆ. ಸೊಪ್ಪನ್ನು ಹರಾಜು ಕಟ್ಟೆಯ ಹೊರಗೆ ದಲ್ಲಾಳಿಗೆ ಕೊಟ್ಟರೆ ಅದು ಎತ್ತ ಹೋಯಿತೆಂದು ಯಾರೂ ಹೇಳಲಾರರು.

2. ಬೇಲಿನ ದರ್ಜೆ, ತೂಕ, ದರವಿರುವ ಚೀಟಿಗಳನ್ನು ವರ್ಷವಾರು ಜೋಪಾನವಾಗಿ ಇಡಬೇಕು. ಒಂಟಾರಿಯೊದ ಬೆಳೆಗಾರರು ಹಕ್ಕು ಕೇಳಿದ್ದು ಹತ್ತಾರು ವರ್ಷಗಳ ನಂತರ ಎಂಬುದನ್ನು ಮರೆಯಬಾರದು.

3. ತೆರಿಗೆಯ ವಿಷಯದಲ್ಲಿ ಬೆಳೆಗಾರನ ಹೆಸರು ಹೇಳಿ ಯಾರೇ ವಾದಿಸಲಿ, ಅದರಿಂದ ಸೊಪ್ಪಿನ ದರಕ್ಕೆ ಏನು ಬರುತ್ತದೆಂದು ಮೊದಲು ಕೇಳಬೇಕು.

4. ತಂಬಾಕು ಆರೋಗ್ಯಕ್ಕೆ ಹಾನಿಕರವಾದುದರಿಂದ ಅದರ ಮೇಲಿನ ಬಿಗಿ ಇನ್ನೂ ಹೆಚ್ಚುವ ಸಂಭವವೇ ಹೆಚ್ಚು. ಸಾಲ ಮಾಡಿ ಹೊಸ ಬ್ಯಾರನ್ ಕಟ್ಟುವ ಬದಲು, ಜಮೀನಿನ ಒಂದು ಭಾಗದಲ್ಲಿ ರಾಗಿ, ಮುಸುಕಿನ ಜೋಳ, ಅಲಸಂದೆ, ಹುರುಳಿಗಳನ್ನು ಬೆಳೆಯುವ, ಒಂದೆರಡು ಹಸು ಸಾಕುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಬೇಕು.

ನಾರ್ಫೋಕ್‌ನಲ್ಲಿ ಒಮ್ಮೆ ತಂಬಾಕು ನಿಂತಿದ್ದ ಎಷ್ಟೋ ಹೊಲಗಳಲ್ಲಿ ಈಗ ತರಕಾರಿ, ಜಿನ್‌ಸೆಂಗ್ ಮುಂತಾದ ಬೆಳೆಗಳಿವೆ. ಅವರು ಬದಲಾದದ್ದು ಪೆಟ್ಟು ತಿಂದ ಮೇಲೆ. ಪೆಟ್ಟು ಬೀಳುವ ಮೊದಲೇ ಬದಲಾಗುವ ಅವಕಾಶ ನಮ್ಮ ರೈತರಿಗಿದೆ.