ಸಾಕುನಾಯಿಯೂ ಮನೆಮಂದಿಯ ಆರೋಗ್ಯವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಒಕ್ಕಲುತನದಲ್ಲಿ ನಾಯಿಯ ಪಾಲೂ ಉಂಟು. ಹೊಗೆಸೊಪ್ಪಿನ ಬ್ಯಾರನ್ನು, ಮುಸುಕಿನ ಜೋಳದ ಹೊಲ, ಕುರಿರೊಪ್ಪ ಇವೆಲ್ಲಕ್ಕೂ ಅದೇ ಕಾವಲು. ನಾಗರಹೊಳೆಯ ಕಾಡಂಚಿನ ಹೊಲಗಳಿಗೆ ಹಂದಿ ನುಗ್ಗಿದುದನ್ನು ಒಡೆಯನಿಗಿಂತ ಮೊದಲು ಅರಿಯುವುದೂ ಅದೇ. ಇಂತಹ ಉಪಕಾರಿ ಪ್ರಾಣಿಯನ್ನು ಸಾಕಬಾರದೆಂದು ಯಾರೂ ಹೇಳಲಾರರು. ಆದರೆ ಅದನ್ನು ಮಕ್ಕಳ ಹಾಸಿಗೆಯಲ್ಲಿ ಮಲಗಿಸುವುದೂ, ಉಂಡ ತಟ್ಟೆಯನ್ನು ನೆಕ್ಕಿಸುವುದೂ, ಮುಖಕ್ಕೆ ಮುಖವಿಟ್ಟು ಮುದ್ದಿಸುವುದೂ ಅಪಾಯಕರವೆಂದು ತಿಳಿಯತಕ್ಕದ್ದು.

ನಾಯಿಯಿಂದ ಬರುವ ರೋಗಗಳಲ್ಲಿ ಗುಟ್ಟಾಗಿ ಬೆಳೆಯುವುದು ನೀರುಗುಳ್ಳೆಯ ರೋಗ. ಮಾರಿಹಬ್ಬಕ್ಕೆ ಕುರಿ ಕಡಿದಾಗ ಅದರ ಈಲಿಯಲ್ಲಿಯೂ ಶ್ವಾಸಕೋಶದಲ್ಲಿಯೂ ನೀರು ತುಂಬಿದ ಗುಳ್ಳೆಗಳು ಕೆಲವೊಮ್ಮೆ ಕಾಣುವುದುಂಟು. ಅಡಿಗೆಗೆ ಬಾರದೆಂದು ಆ ಭಾಗವನ್ನು ನಾಯಿಗೆ ಎಸೆದರೆ ಅಲ್ಲಿಯೇ ಕೇಡು ಆರಂಭವಾಗುವುದು. ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಿನಲ್ಲಿ 2ರಿಂದ 7 ಮಿಲಿಮೀಟರ್ ಉದ್ದದ ಲಾಡಿಹುಳುಗಳಾಗುವುವು. ನಾಯಿಯಲ್ಲಿ ಸಾಮಾನ್ಯವಾಗಿ ಯಾವ ಬೇನೆಯೂ ತೋರದು. ಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬಿದ್ದು ಅದರ ಕೂದಲಿಗೂ ಹಿತ್ತಿಲಿನ ಸೊಪ್ಪಿಗೂ ಅಂಟುವುವು. ನಾಯಿಯ ಮೈ ಸವರಿದ ಕೈಯಿಂದಲೇ ಮಗುವು ತಿಂಡಿ ತಿಂದರೆ ಮೊಟ್ಟೆಯು ಹೊಟ್ಟೆ ಸೇರುವುದು. ಬಳಿಕ ಮನುಷ್ಯನ ಈಲಿಯಲ್ಲಿ ಅದೇ ಗುಳ್ಳೆಯು ವರ್ಷಗಟ್ಟಲೆ ಬೆಳೆಯುವುದು; ಹಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದು.

ಆದಕಾರಣ ಕಡಿದ ಕುರಿಯ ಬೇಡದ ಭಾಗಗಳನ್ನು ನಾಯಿ ಕೆದಕಲಾಗದಷ್ಟು ಆಳವಾಗಿ ಹೂಳತಕ್ಕದ್ದು. ಪಶುವೈದ್ಯರನ್ನು ಕೇಳಿ ವರ್ಷಕ್ಕೆ 4 ಬಾರಿಯಾದರೂ ನಾಯಿಗೆ ಲಾಡಿಹುಳುವಿನ ಔಷಧಿ ಕೊಡಿಸತಕ್ಕದ್ದು. ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಉಣ್ಣಬಾರದು.

ಎರಡನೆಯದು ಹುಚ್ಚುನಾಯಿ ರೋಗ. ಕಡಿತದಿಂದ ಮಾತ್ರವಲ್ಲದೆ, ತರಚಿದ ಗಾಯವನ್ನು ನೆಕ್ಕಿದರೂ ಜೊಲ್ಲಿನ ವಿಷಾಣುಗಳು ಒಳಸೇರಬಹುದು. ಲಕ್ಷಣಗಳು ಸಾಮಾನ್ಯವಾಗಿ 2-3 ತಿಂಗಳ ಮೇಲೆ ಕಾಣಿಸುವುವು. ಅಷ್ಟರಲ್ಲಿ ಗಾಯವು ಮರೆತೇಹೋಗಿರುವುದು. ಕಾಣಿಸಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದರೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ರೋಗವನ್ನು ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಪಾಶ್ಚರ್ ಪಂಡಿತನು ಇದರ ಲಸಿಕೆಯನ್ನು ಮೊದಲು ಪ್ರಯೋಗಿಸಿದನು. 1907ರಲ್ಲಿ ನೆರೆಯ ನೀಲಗಿರಿಯ ಕೂನೂರಿನಲ್ಲಿ ಆತನ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂಬ ಭಯವು ಹಿಂದಿನ ಕಾಲದ್ದು. ಈಗ ತೋಳಿಗೆ, ಒಂದು ತಿಂಗಳೊಳಗೆ, ಕೆಲವೇ ಸಲ ಲಸಿಕೆ ಹಾಕಿಸಿಕೊಂಡರೆ ಸಾಕು.

ನಾಯಿ ಕಚ್ಚಿದೊಡನೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಮೆಣಸಿನಪುಡಿ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಮಂತ್ರಿಸುವವರ ಬಳಿ ಹೊತ್ತು ಕಳೆಯದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಸಾಕಿದ ನಾಯಿಯೇ ಕಚ್ಚಿತೆಂದು ಉದಾಸೀನ ಮಾಡಲಾಗದು.

ಮನುಷ್ಯರಲ್ಲಿ ಕಾಣುವ ಈ ರೋಗವನ್ನು ಕರ್ನಾಟಕ ಸರ್ಕಾರವು 2022ರ ಡಿಸೆಂಬರಿನಲ್ಲಿ ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ಸಾರಿದೆ. ನಾಯಿಮರಿಗೆ 3 ತಿಂಗಳಾದಾಗಲೂ ಆಮೇಲೆ ವರ್ಷಕ್ಕೊಮ್ಮೆಯೂ ಲಸಿಕೆ ಹಾಕಿಸುವುದು ಒಡೆಯನ ಕರ್ತವ್ಯ. ಗ್ರಾಮದ ಮುಖಂಡರು ಪಶುವೈದ್ಯರೊಡನೆ ದಿನ ಗೊತ್ತುಮಾಡಿ ಊರಿನ ನಾಯಿಗಳಿಗೆಲ್ಲ ಒಟ್ಟಿಗೆ ಲಸಿಕೆ ಹಾಕಿಸಿದರೆ, ಹಬ್ಬಕ್ಕೆ ಮುನ್ನವೇ ಊರಾಚೆ ಒಂದು ಗುಂಡಿ ತೋಡಿಸಿದರೆ, ಊರಿನ ಮಕ್ಕಳ ಪ್ರಾಣವನ್ನೇ ಕಾಪಾಡಿದಂತಾಗುವುದು.