ಮಾಡಿದವರು ಯಾರು, ಉಣ್ಣುವವರು ಯಾರು?

ಎಳವೆಯಲ್ಲಿ ಬೆಳ್ಳಿತೆರೆಯ ಮೇಲೆ ಮಿಂಚಿ ಎಲ್ಲರ ಮುದ್ದಿನ ಕಣ್ಮಣಿಗಳಾಗಿದ್ದವರು, ಪ್ರಾಯಕ್ಕೆ ಬಂದ ಮೇಲೆ ಕುಡಿತಕ್ಕೋ ಮಾದಕ ವಸ್ತುವಿಗೋ ವಶರಾದರೆಂಬ, ಹೆತ್ತವರ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರೆಂಬ, ಬರಿಗೈಯಾಗಿ ಮೂಲೆ ಸೇರಿದರೆಂಬ ಸುದ್ದಿಗಳು ಆಗಾಗ ನಮ್ಮ ಕಣ್ಣಿಗೆ ಬೀಳುತ್ತವೆ. ಓದಿ ಮುಗಿಸುವ ಮೊದಲೇ ನಮ್ಮ ನಾಲಿಗೆ ತೀರ್ಪು ಕೊಟ್ಟಿರುತ್ತದೆ. ‘ಹಣ ತಲೆಗೇರಿತು’ ಎನ್ನುತ್ತೇವೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನೂ ಸೇರಿಸುತ್ತೇವೆ. ಆದರೆ ಈ ಮಕ್ಕಳ ಬಾಳಿನಲ್ಲಿ ಮಾಡಿದವರು ಒಬ್ಬರು, ಉಂಡವರು ಮತ್ತೊಬ್ಬರು ಎಂಬುದನ್ನು ನಾವು ಗಮನಿಸುವುದೇ ಇಲ್ಲ.

ಗಳಿಸಿದವನ ಜೇಬು ಬರಿದು

1921ರಲ್ಲಿ ಚಾರ್ಲಿ ಚಾಪ್ಲಿನ್‌ರ ‘ದಿ ಕಿಡ್’ ಚಿತ್ರದಲ್ಲಿ ನಟಿಸಿ ಲೋಕವನ್ನೇ ಅಳಿಸಿ ನಗಿಸಿದ ಪುಟ್ಟ ಬಾಲಕ ಜಾಕಿ ಕೂಗನ್. ಆತ ದುಡಿದದ್ದು ಲಕ್ಷಾಂತರ ಡಾಲರು. ಪ್ರಾಪ್ತ ವಯಸ್ಕನಾಗಿ ತನ್ನ ಗಳಿಕೆಯನ್ನು ಕೇಳಿದಾಗ, ತಾಯಿಯೂ ಮಲತಂದೆಯೂ ಅದರ ಬಹುಭಾಗವನ್ನು ಖರ್ಚು ಮಾಡಿಬಿಟ್ಟಿದ್ದರು. 1938ರಲ್ಲಿ ಆತ ಮೊಕದ್ದಮೆ ಹೂಡಿದ. ಕೈಗೆ ಬಂದದ್ದು ಸುಮಾರು 1 ಲಕ್ಷ 26 ಸಾವಿರ ಡಾಲರು ಮಾತ್ರ. ಹೆತ್ತವಳನ್ನು ಕೋರ್ಟಿಗೆಳೆದ ಮಗನೆಂದು ಬೆರಳು ತೋರುವುದು ಸುಲಭ. ಆದರೆ ಆ ಮೊಕದ್ದಮೆಯ ಫಲವಾಗಿಯೇ ಬಾಲನಟರ ಗಳಿಕೆಯನ್ನು ಕಾಯುವ ಕಾನೂನು 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂತು.

ಹಣ ಹೋದರೆ ಮತ್ತೆ ಗಳಿಸಬಹುದು. 1950ರ ದಶಕದ ಹಿಂದಿ ಚಿತ್ರಗಳ ಜನಪ್ರಿಯ ಬಾಲನಟಿ ಡೇಸಿ ಇರಾನಿ ಅವರು ಕಳೆದುಕೊಂಡದ್ದು ಅಂಥದ್ದಲ್ಲ. ತಾವು ಆರು ವರ್ಷದವರಿದ್ದಾಗ, ಮದರಾಸಿನ ಚಿತ್ರೀಕರಣಕ್ಕೆ ಪಾಲಕನಾಗಿ ಬಂದಿದ್ದ ವ್ಯಕ್ತಿಯೇ ತಮ್ಮ ಮೇಲೆ ಅತ್ಯಾಚಾರವೆಸಗಿದನೆಂದು ಅವರು 2018ರಲ್ಲಿ ಬಹಿರಂಗವಾಗಿ ಹೇಳಿದರು. ಸುಮಾರು ಅರುವತ್ತು ವರ್ಷ ಆ ನೋವನ್ನು ಒಳಗೇ ಹೊತ್ತವರು ಅವರು. ಪರದೆಯ ಮೇಲಿನ ತುಂಟ ನಗುವನ್ನು ಕಂಡು ಚಪ್ಪಾಳೆ ತಟ್ಟಿದವರಿಗೆ ಅದರ ಹಿಂದಿನ ಕಣ್ಣೀರು ಕಾಣಲೇ ಇಲ್ಲ. ಹೊರಗಿನಿಂದ ನೋಡಿ ತೀರ್ಪು ಕೊಡುವವರ ಅರಿವು ಎಷ್ಟು ಅಲ್ಪವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆಟೋ ಓಡಿಸುವುದು ಪತನವೇ?

ನಮ್ಮ ನಾಡಿನ ನಿದರ್ಶನವೂ ಇದೆ. ಬೆಂಗಳೂರಿನಿಂದ ಮುಂಬಯಿಗೆ ಓಡಿಹೋಗಿ ಬೀದಿಯಲ್ಲಿ ಬಾಳುತ್ತಿದ್ದ ಶಫೀಕ್ ಸೈಯದ್ ಎಂಬ ಹುಡುಗ ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಚಿತ್ರದ ಮುಖ್ಯ ಪಾತ್ರ ವಹಿಸಿದ. ಚಿತ್ರ ಕಾನ್ ಉತ್ಸವದಲ್ಲಿ ಗೌರವ ಪಡೆದು ಆಸ್ಕರ್ ನಾಮನಿರ್ದೇಶನಕ್ಕೂ ಏರಿತು. ಹುಡುಗನಿಗೆ ಶ್ರೇಷ್ಠ ಬಾಲನಟನ ರಾಷ್ಟ್ರಪ್ರಶಸ್ತಿ ದೊರೆಯಿತು. ಆ ಬಳಿಕ ಅವಕಾಶಗಳು ಬತ್ತಿದವು. ಆತ ಬೆಂಗಳೂರಿಗೆ ಮರಳಿ ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸಿದ. ಪತ್ರಿಕೆಗಳು ಇದನ್ನು ನಕ್ಷತ್ರದ ಪತನವೆಂಬಂತೆ ಬಣ್ಣಿಸಿದವು.

ಬೆವರು ಸುರಿಸಿ ಮನೆಮಂದಿಗೆ ಅನ್ನವಿಡುವುದು ಪತನ ಹೇಗಾದೀತು? ಯೇಸುಸ್ವಾಮಿಯನ್ನು ಬಡಗಿಯೆಂದು ಹಗುರವಾಗಿ ಕಂಡ ನಜರೇತಿನ ಜನರ ಕಣ್ಣೇ ನಮಗೂ ಇದ್ದಂತಿದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಬಾಲಕನ ಮುಖವನ್ನು ಲೋಕಕ್ಕೆಲ್ಲ ತೋರಿಸಿದ ಮೇಲೆ ಅವನ ಓದಿನ, ನಾಳಿನ ಹೊಣೆಯನ್ನು ಸಮಾಜ ಎಷ್ಟರಮಟ್ಟಿಗೆ ಹೊತ್ತಿತು?

ಬಣ್ಣ ಹಚ್ಚಿದ ಮಕ್ಕಳೆಲ್ಲ ದಾರಿ ತಪ್ಪುತ್ತಾರೆಂಬ ಮಾತೂ ಸಲ್ಲದು. ‘ಬೆಟ್ಟದ ಹೂವು’ (1985) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಾಲಕ ಲೋಹಿತ್ ಮುಂದೆ ಪುನೀತ್ ರಾಜ್‌ಕುಮಾರ್ ಆಗಿ ಬೆಳೆದು, 2021ರಲ್ಲಿ ಅಗಲಿದಾಗ ನಾಡೇ ಕಂಬನಿ ಮಿಡಿಯಿತು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್, ಹರೆಯದಲ್ಲೇ ನಟನೆಯಿಂದ ದೂರ ಸರಿದು ಬೇರೆ ವೃತ್ತಿ ಹಿಡಿದರು. ಆದ್ದರಿಂದ ದೋಷ ರಂಗಸ್ಥಳದ್ದಲ್ಲ; ಮಗುವನ್ನು ಮಗುವಾಗಿ ಕಾಣದೆ ಸಂಪಾದನೆಯ ಸಾಧನವಾಗಿ ಕಾಣುವ ದೃಷ್ಟಿಯದು.

ನಜರೇತಿನ ಪಾಠ

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಿ ಧ್ಯಾನಿಸೋಣ. ಹನ್ನೆರಡರ ಬಾಲಯೇಸು ಜೆರುಸಲೇಮ್ ದೇವಾಲಯದಲ್ಲಿ ಪಂಡಿತರನ್ನೇ ಬೆರಗುಗೊಳಿಸಿದರು. ಇಂದಿನ ಹೆತ್ತವರಾಗಿದ್ದರೆ ಅಂದೇ ವೇದಿಕೆ ಸಿದ್ಧವಾಗುತ್ತಿತ್ತು! ಮೂರು ದಿನ ಕಳವಳದಿಂದ ಹುಡುಕಿದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮಗನನ್ನು ನಜರೇತಿನ ಮನೆಗೆ ಕರೆದೊಯ್ದರು. ಅಲ್ಲಿಂದ ಮುಂದೆ, ಸುಮಾರು ಮೂವತ್ತರ ಪ್ರಾಯದವರೆಗೆ, ಬಡಗಿಯ ಮನೆಯ ಮೌನ. ದೇವಪುತ್ರನಿಗೂ ಬೆಳೆಯಲು ಮರೆ ಬೇಕಾಯಿತು. ಕಮಲಾಪುರದ ಕೆಂಬಾಳೆ ಬೆಳೆಯುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಗೊನೆ ಬಲಿಯುವ ಮುನ್ನ ಕತ್ತಿ ಹಚ್ಚಬಾರದೆಂದು ಅವನು ಬಲ್ಲ.

ನಮ್ಮ ಕಾನೂನೂ ಇಂದು ಈ ಮರೆಯನ್ನು ತಕ್ಕಮಟ್ಟಿಗೆ ಒದಗಿಸಿದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸಕೂಡದು. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಓದಿಗೆ ಅಡ್ಡಿಯಾಗಬಾರದು. ಗಳಿಕೆಯ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ಮಕ್ಕಳನ್ನು ಕಿರುತೆರೆಗೆ ಕಳುಹಿಸುವ ತಂದೆತಾಯಂದಿರು ಇದನ್ನು ತಿಳಿದಿರುವುದು ಒಳಿತು.

ಕುಸನೂರಿನಲ್ಲಾಗಲಿ ಕಮಲಾಪುರದಲ್ಲಾಗಲಿ ಸಿನಿಮಾ ತಾರೆಗಳು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಬಹುದು. ಹಾಡುವ, ಕುಣಿಯುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಚಪ್ಪಾಳೆ ಗಿಟ್ಟಿಸಿದ ಮಗು ಮುಂದಿನ ವರ್ಷ ಸೋತರೆ ಅದರ ಮುಖ ನೋಡದೆ ಸರಿಯುವವರು ನಾವೇ. ಶಾಲೆಯ ಪ್ರಥಮ ಸ್ಥಾನ ಕೈತಪ್ಪಿದವನನ್ನು ಹೀಗಳೆಯುವವರೂ ನಾವೇ. ಗೆದ್ದಾಗ ಹೊತ್ತು ಮೆರೆಸಿ ಬಿದ್ದಾಗ ಜರಿಯುವ ಈ ಚಾಳಿಯೇ ಅಲ್ಲಿ ದೊಡ್ಡ ಪರದೆಯ ಮೇಲೆ ನಡೆಯುತ್ತದೆ, ಇಲ್ಲಿ ನಮ್ಮ ಅಂಗಳದಲ್ಲಿ.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳನ್ನು ಎಳೆತಂದವರು ಕಲ್ಲೆಸೆಯದೆ ಒಬ್ಬೊಬ್ಬರಾಗಿ ಹೊರಟುಹೋದರೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಇನ್ನೊಮ್ಮೆ ಇಂಥ ಸುದ್ದಿ ಓದಿದಾಗ ನಾವೂ ಕೈಯಲ್ಲಿನ ಕಲ್ಲನ್ನು ಕೆಳಗಿಟ್ಟು, ಆ ಹೆಸರಿಗಾಗಿ ಒಂದು ‘ನಮೋ ಮರಿಯಾ’ ಜಪಿಸೋಣ. ಬಳಿಕ ನಮ್ಮ ಮನೆಯ ಮಗುವನ್ನು ಹತ್ತಿರ ಕರೆದು, ಬಹುಮಾನ ಬರಲಿ ಬಿಡಲಿ ನೀನು ನಮ್ಮವನೇ, ನಮ್ಮವಳೇ ಎಂದು ಹೇಳೋಣ.